‘ಇಲ್ಲ’ ಮತ್ತು ‘ಅಲ್ಲ’ದ ನಡುವೆ ಒಂದು ಸೊನ್ನೆ

‘ಗ್ಯಾಸ್ ಬಂತಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಸಿಕ್ಕರೆ ಮನೆಯವರಿಗೆ ಚಿಂತೆ. ‘ಗ್ಯಾಸ್ ಲೀಕ್ ಆಗ್ತಿದೆಯಾ?’ ಎಂಬ ಪ್ರಶ್ನೆಗೆ ಅದೇ ‘ಇಲ್ಲ’ ಸಿಕ್ಕರೆ ನೆಮ್ಮದಿ. ಉತ್ತರದ ಪದ ಒಂದೇ. ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎಂಬುದು ಪ್ರಶ್ನೆಯಲ್ಲಿದೆ. ಪ್ರಶ್ನೆ ಕೇಳಿಸದೆ ‘ಇಲ್ಲ’ ಎಂಬುದಷ್ಟೇ ಕಿವಿಗೆ ಬಿದ್ದವರು ಖುಷಿಪಡಬೇಕೋ ಗಾಬರಿಯಾಗಬೇಕೋ ತಿಳಿಯದೆ ನಿಲ್ಲುತ್ತಾರೆ.

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವವರು ಐವತ್ತು ವರ್ಷಗಳಿಂದ ಈ ಇಕ್ಕಟ್ಟಿನಲ್ಲಿದ್ದಾರೆ. ಅಲ್ಲಿ ಕೆಲಸಗಳನ್ನು ಮಾಡುವುದು ಫಂಕ್ಷನ್‌ಗಳು. ಅಂಗಡಿಗೆ ಕಳಿಸಿದ ಹುಡುಗ ವಾಪಸು ಬಂದು ಸುದ್ದಿ ಹೇಳುವ ಹಾಗೆ, ಪ್ರತಿಯೊಂದು ಫಂಕ್ಷನ್ ಕೆಲಸ ಮುಗಿಸಿ ಬರುವಾಗ ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು ತರುತ್ತದೆ. ಆ ಸಂಖ್ಯೆಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುತ್ತೇವೆ. ವೇರಿಯಬಲ್‌ಗೆ ಹೆಸರು ಬೇಕು. ಬೆಂಗಳೂರಿನ ಯಾವ ಕಂಪನಿಯ ಕೋಡ್ ತೆರೆದರೂ ಆ ಹೆಸರುಗಳು ಸುಮಾರಾಗಿ ಇವೇ: ರೆಟ್, ಆರ್‌ಸಿ, ರಿಸಲ್ಟ್, ಸ್ಟೇಟಸ್, ಫ್ಲ್ಯಾಗ್, ಎರ್. ಒಳಗೆ ಕೂತಿರುವುದು ಸೊನ್ನೆ. ಆ ಸೊನ್ನೆ ನೆಮ್ಮದಿಯ ‘ಇಲ್ಲ’ವೋ ಗಾಬರಿಯ ‘ಇಲ್ಲ’ವೋ ಎಂಬುದನ್ನು ಓದುವವನಿಗೆ ಹೇಳಬಲ್ಲದ್ದು ಆ ಹೆಸರೊಂದೇ. ಕಂಪ್ಯೂಟಿಂಗ್ ಇತಿಹಾಸ ಓದುವ ನನ್ನಂಥವರಿಗೆ ಈ ಪುಟ್ಟ ಹೆಸರುಗಳ ಹಿಂದೆ ದೊಡ್ಡ ಕಥೆಯೇ ಕಾಣಿಸುತ್ತದೆ.

ಹೆಸರು ಮೊಟಕಾಗುವುದು ದಕ್ಷಿಣ ಬೆಂಗಳೂರಿನವರಿಗೆ ಹೊಸದೇನಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹೆಸರುಗಳ ಮೊದಲಕ್ಷರ ಸೇರಿ ಬಿಟಿಎಂ ಆಯಿತು. ಜಯಪ್ರಕಾಶ ನಾರಾಯಣರ ಹೆಸರಿನ ನಗರ ಜೆಪಿ ಆಯಿತು. ಬಸ್ಸಿನ ಬೋರ್ಡಿಗೆ, ಲಕೋಟೆಯ ಮೇಲಿನ ವಿಳಾಸಕ್ಕೆ ಅಷ್ಟು ಸಾಕು. ಆದರೆ ಅಲ್ಲಿ ಪಿಜಿ ಹುಡುಕಿಕೊಂಡು ಬಂದಿಳಿದ ಹುಡುಗನಿಗೆ ಬಿಟಿಎಂ ಎಂಬ ಮೂರಕ್ಷರದಲ್ಲಿ ಒಂದು ಕೆರೆಯ ಹೆಸರಿದೆ ಎಂದು ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೂ ಮನೆ ತಲುಪುತ್ತಾನೆ, ನಷ್ಟವಿಲ್ಲ. ಕೋಡ್‌ನಲ್ಲಿ ಮೊಟಕಾದ ಹೆಸರು ಅಷ್ಟು ನಿರುಪದ್ರವಿಯಲ್ಲ.

ಮೊಟಕು ಮಾಡಿದ್ದಕ್ಕೆ ಆ ಕಾಲದಲ್ಲಿ ಕಾರಣವಿತ್ತು. ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ಸಿ ಭಾಷೆಯನ್ನು ರೂಪಿಸಿದಾಗ ಯಂತ್ರಗಳ ಸ್ಮರಣೆ ತೀರ ಕಿರಿದು. ರಿಚಿ ಮತ್ತು ಬ್ರಯಾನ್ ಕರ್ನಿಹಾನ್ 1978ರಲ್ಲಿ ಪ್ರಕಟಿಸಿದ ಪುಸ್ತಕದ ಪ್ರಕಾರ ಹೆಸರಿನ ಮೊದಲ ಎಂಟು ಅಕ್ಷರಗಳಿಗೆ ಮಾತ್ರ ಲೆಕ್ಕ. ಉಳಿದದ್ದನ್ನು ಕಂಪೈಲರ್ ನೋಡಬೇಕಾಗಿರಲಿಲ್ಲ. 1989ರ ಮೊದಲ ಅಧಿಕೃತ ಮಾನಕ ಕೂಡ, ಬೇರೆ ಬೇರೆ ಕಡತಗಳ ನಡುವೆ ಹಂಚಿಕೊಳ್ಳುವ ಹೆಸರುಗಳಿಗೆ ಆರು ಅಕ್ಷರಗಳ ಭರವಸೆಯನ್ನಷ್ಟೇ ಕೊಟ್ಟಿತು. 1999ರ ಮಾನಕದಲ್ಲಿ ಅದು 31ಕ್ಕೆ ಏರಿತು. ಯೂನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್, ಅದನ್ನು ಮತ್ತೊಮ್ಮೆ ಕಟ್ಟುವುದಾದರೆ ಏನು ಬದಲಿಸುತ್ತೀರಿ ಎಂದು ಕೇಳಿದ್ದಕ್ಕೆ, ‘ಕ್ರಿಯೇಟ್’ ಎಂಬ ಫಂಕ್ಷನ್ ಹೆಸರಿನ ಕೊನೆಯಲ್ಲಿ ಬಿಟ್ಟುಹೋಗಿದ್ದ ಒಂದಕ್ಷರವನ್ನು ಸೇರಿಸುತ್ತೇನೆ ಎಂದು ತಮಾಷೆ ಮಾಡಿದ್ದು ಪ್ರಸಿದ್ಧ. ಜಾಗದ ಕೊರತೆ ಎಂದೋ ಹೋಯಿತು. ಅದು ಕಲಿಸಿದ ಅಭ್ಯಾಸ ಉಳಿಯಿತು.

*

ಹೆಸರಿನ ಕಥೆ ಇದಾದರೆ, ಸೊನ್ನೆಯ ಕಥೆ ಇನ್ನೂ ಹಳೆಯದು. ಅದಕ್ಕೆ ಎರಡು ಮೂಲಗಳಿವೆ.

ಒಂದು, ಕೆಲಸದ ವರದಿ ಒಪ್ಪಿಸುವ ಪದ್ಧತಿ. 1960ರ ದಶಕದ ಐಬಿಎಂ ಸಿಸ್ಟಂ/360 ಯಂತ್ರಗಳಲ್ಲಿ ಕೆಲಸ ಮುಗಿಸಿದ ಪ್ರೋಗ್ರಾಂ 15ನೆಯ ರಿಜಿಸ್ಟರ್‌ನಲ್ಲಿ ಒಂದು ಸಂಖ್ಯೆ ಬಿಟ್ಟುಹೋಗುವುದು ರೂಢಿ. 0 ಎಂದರೆ ಎಲ್ಲ ಸರಿ, 4 ಎಂದರೆ ಎಚ್ಚರಿಕೆ, 8 ಎಂದರೆ ತಪ್ಪು, 12 ಮತ್ತು 16 ಎಂದರೆ ಇನ್ನೂ ಗಂಭೀರ. ನಾಲ್ಕರ ಮಗ್ಗಿ ಯಾಕೆಂದರೆ ಆ ಯಂತ್ರದ ಜಿಗಿತದ ಆದೇಶ ನಾಲ್ಕು ಬೈಟ್ ಉದ್ದ. ಬಂದ ಸಂಖ್ಯೆಯನ್ನೇ ಹಿಡಿದು ಆದೇಶಗಳ ಪಟ್ಟಿಯಲ್ಲಿ ಸರಿಯಾದ ಜಾಗಕ್ಕೆ ನೆಗೆಯಬಹುದಿತ್ತು. ಯೂನಿಕ್ಸ್ ಬೆಳೆದ ಪಿಡಿಪಿ-11 ಯಂತ್ರದಲ್ಲಿ ‘ಕ್ಯಾರಿ’ ಎಂಬ ಒಂದು ಬಿಟ್ ಇತ್ತು. ಸಂಕಲನ ಮಾಡುವಾಗ ಮಕ್ಕಳು ‘ಕೈಲಿ ಒಂದು’ ಅನ್ನುತ್ತಾರಲ್ಲ, ಆ ‘ಒಂದು’ ಕೂರುವ ಜಾಗ. ಯೂನಿಕ್ಸ್ ಅದನ್ನೇ ತಕರಾರಿನ ಗುರುತಾಗಿ ಬಳಸಿಕೊಂಡಿತು: ಕೆಲಸ ಕೆಟ್ಟರೆ ಆ ಬಿಟ್ ಏಳುತ್ತಿತ್ತು, ಯಾವ ಬಗೆಯ ಕೆಡುಕು ಎಂಬ ಸಂಖ್ಯೆ ಪಕ್ಕದ ರಿಜಿಸ್ಟರ್‌ನಲ್ಲಿ ಇರುತ್ತಿತ್ತು. ಎರಡು ಪ್ರಶ್ನೆಗೆ ಎರಡು ಜಾಗ; ಅಚ್ಚುಕಟ್ಟು. ಆದರೆ ಸಿ ಭಾಷೆಯ ಫಂಕ್ಷನ್ ತರಬಲ್ಲದ್ದು ಒಂದೇ ಸಂಖ್ಯೆ. ಹಾಗಾಗಿ ಲೈಬ್ರರಿ ಬರೆದವರು ‘ಕೆಟ್ಟಿತು’ ಎಂಬುದಕ್ಕೆ -1 ಇಟ್ಟರು, ‘ಹೇಗೆ ಕೆಟ್ಟಿತು’ ಎಂಬುದನ್ನು ಎರ್‌ನೋ ಎಂಬ ಎಲ್ಲರಿಗೂ ಸೇರಿದ ವೇರಿಯಬಲ್‌ಗೆ ಹಾಕಿದರು.

ವಿಳಾಸದಾರರಿಗೆ ಮುಟ್ಟದೆ ವಾಪಸು ಬಂದ ರಿಜಿಸ್ಟರ್ಡ್ ಲಕೋಟೆಯನ್ನು ನೆನಪಿಸಿಕೊಳ್ಳಿ. ಕಾಗದ ವಾಪಸಾಗಿದೆ ಎಂಬುದು ಕೈಗೆ ಬಂದೊಡನೆ ಗೊತ್ತು. ಯಾಕೆ ಎಂಬುದಕ್ಕೆ ಲಕೋಟೆಯ ಮೇಲಿನ ಷರಾ ಓದಬೇಕು: ಬಾಗಿಲು ಹಾಕಿತ್ತು, ವಿಳಾಸ ಸಾಲದು, ಮನೆ ಬಿಟ್ಟು ಹೋಗಿದ್ದಾರೆ, ತೆಗೆದುಕೊಳ್ಳಲು ಒಪ್ಪಲಿಲ್ಲ. ಒಪ್ಪದೆ ವಾಪಸು ಕಳಿಸಿದ ನೋಟಿಸನ್ನು ನ್ಯಾಯಾಲಯಗಳು ಮುಟ್ಟಿದಂತೆಯೇ ಎಣಿಸುತ್ತವೆ. ಮುಟ್ಟುವುದು ಒಂದೇ ಬಗೆ, ಮುಟ್ಟದಿರುವುದು ಹಲವು ಬಗೆ. ಗೆಲುವಿಗೆ ಸೊನ್ನೆ, ಸೋಲಿಗೆ ಉಳಿದೆಲ್ಲ ಸಂಖ್ಯೆಗಳು ಎಂಬ ಹಂಚಿಕೆಯ ಹಿಂದೆ ಇರುವುದೂ ಇದೇ ವಿವೇಕ. ಯೂನಿಕ್ಸ್‌ನಲ್ಲಿ ಪ್ರತಿಯೊಂದು ಪ್ರೋಗ್ರಾಂ ಮುಗಿದಾಗ ಶೆಲ್‌ಗೆ ಇಂಥದ್ದೇ ಸಂಖ್ಯೆ ಒಪ್ಪಿಸುತ್ತದೆ, ಸೊನ್ನೆ ಎಂದರೆ ಸುಖಾಂತ. ಯೂನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ (1979) ‘ಟ್ರೂ’ ಎಂಬ ಆಜ್ಞೆ ಒಂದು ಖಾಲಿ ಕಡತ. ಏನೂ ಮಾಡದವನಿಂದ ಏನೂ ತಪ್ಪಾಗುವುದಿಲ್ಲ. ಆದ್ದರಿಂದ ಉತ್ತರ ಸೊನ್ನೆ, ಅಂದರೆ ನಿಜ. ಈ ಸಂಖ್ಯೆಗೆ ಎಂಟು ಬಿಟ್ ಮಾತ್ರ ಜಾಗ. ತನಗೆ ಸಿಕ್ಕ ತಪ್ಪುಗಳ ಎಣಿಕೆಯನ್ನೇ ಒಪ್ಪಿಸುವ ಪ್ರೋಗ್ರಾಂ ಬರೆದರೆ, ಸರಿಯಾಗಿ 256 ತಪ್ಪು ಸಿಕ್ಕ ದಿನ ಅದು ‘ಎಲ್ಲ ಸರಿ’ ಎನ್ನುತ್ತದೆ.

ಸೊನ್ನೆಯ ಎರಡನೆಯ ಮೂಲ ತರ್ಕಶಾಸ್ತ್ರ. ಅಲ್ಲಿ ಒಂದು ಎಂದರೆ ಸತ್ಯ, ಸೊನ್ನೆ ಎಂದರೆ ಸುಳ್ಳು. ಸಿ ಭಾಷೆಯ ‘ಇಫ್’ ಇದನ್ನೇ ಪಾಲಿಸುತ್ತದೆ: ಸೊನ್ನೆಯಾದರೆ ಸುಳ್ಳು, ಬೇರೆ ಏನಿದ್ದರೂ ಸತ್ಯ. ಹೌದು-ಅಲ್ಲ ಎಂಬುದಕ್ಕೆಂದೇ ಒಂದು ಬಗೆ ಆ ಭಾಷೆಯಲ್ಲಿ ಮೊದಲು ಇರಲಿಲ್ಲ, ಅದು ಬಂದದ್ದು 1999ರಲ್ಲಿ. ಅಷ್ಟು ಹೊತ್ತಿಗೆ ಎರಡೂ ಸೊನ್ನೆಗಳು ಒಂದೇ ಪೂರ್ಣಾಂಕದಲ್ಲಿ ಬೆರೆತುಹೋಗಿದ್ದವು.

ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ನೋ’ ಅಂದರೆ ನಡೆಯುತ್ತದೆ. ಕನ್ನಡದಲ್ಲಿ ನಮಗೆ ಎರಡು ಪದಗಳಿವೆ. ‘ತೊಂದರೆ ಇದೆಯೆ?’ ಎಂದರೆ ‘ಇಲ್ಲ’. ‘ಇದು ಅಸಲಿಯೆ?’ ಎಂದರೆ ‘ಅಲ್ಲ’. ಐಬಿಎಂ ಮತ್ತು ಯೂನಿಕ್ಸ್‌ನ ವರದಿಯ ಸೊನ್ನೆ ‘ಇಲ್ಲ’, ತರ್ಕದ ಸೊನ್ನೆ ‘ಅಲ್ಲ’. ಕನ್ನಡ ಮಾತಾಡುವ ಮಗು ಕೂಡ ಕಲಸಿಕೊಳ್ಳದ ಈ ಎರಡನ್ನು ಸಿ ಭಾಷೆ ಒಂದೇ ಅಂಕೆಯಲ್ಲಿ ಬರೆಯುತ್ತದೆ.

ಅದರ ಲೈಬ್ರರಿಯ ಒಳಗೇ ಈ ಗೋಜಲು ಇದೆ. ಎರಡು ಪದಗಳನ್ನು ಹೋಲಿಸುವ ಫಂಕ್ಷನ್ ಸೊನ್ನೆ ಕೊಟ್ಟರೆ ಅವು ಸಮ, ಅಂದರೆ ‘ವ್ಯತ್ಯಾಸ ಇಲ್ಲ’. ಸ್ಮರಣೆಯಲ್ಲಿ ಜಾಗ ಕೇಳುವ ಫಂಕ್ಷನ್ ಸೊನ್ನೆಯ ವಿಳಾಸ ಕೊಟ್ಟರೆ ‘ಜಾಗ ಇಲ್ಲ’. ಕಡತ ತೆರೆಯುವ ಯೂನಿಕ್ಸ್ ಫಂಕ್ಷನ್ ಸೊನ್ನೆ ಕೊಟ್ಟರೆ ಅದು ಕಡತಕ್ಕೆ ಸಿಕ್ಕ ನಿಜವಾದ ಟೋಕನ್ ಸಂಖ್ಯೆ. ಓದುವ ಫಂಕ್ಷನ್ ಸೊನ್ನೆ ಕೊಟ್ಟರೆ ಕಡತ ಮುಗಿಯಿತು. ಒಂದು ಅಂಕೆಗೆ ಇಷ್ಟು ವೇಷ. ಇವೆಲ್ಲವನ್ನೂ ರೆಟ್ ಎಂಬ ಒಂದೇ ಪಾತ್ರೆಗೆ ಸುರಿದುಕೊಂಡರೆ ಮರುದಿನ ಓದುವವನು ಪ್ರತಿ ಸಾಲಿನಲ್ಲೂ ಮೂಲ ಫಂಕ್ಷನ್‌ನ ವಿವರಣೆ ತೆರೆದು ನೋಡಬೇಕು. ನೋಡದೆ ಊಹಿಸುವವರೇ ಹೆಚ್ಚು.

*

ಈ ಭಾಷೆ ನಮ್ಮಲ್ಲಿಗೆ ಬಂದ ದಾರಿಯೂ ಸೊನ್ನೆಯ ಅರ್ಥವನ್ನು ಇನ್ನಷ್ಟು ಮಸುಕು ಮಾಡಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದ ಮೇಲೆ ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿ ಎಲ್ಲ ವಿಭಾಗದವರೂ ಸಿ ಓದುವುದು ವರ್ಷಗಳ ಕಾಲ ಕಡ್ಡಾಯವಾಗಿತ್ತು. ‘ಕಂಪ್ಯೂಟರ್ ಕಾನ್ಸೆಪ್ಟ್ಸ್ ಅಂಡ್ ಸಿ ಪ್ರೋಗ್ರಾಮಿಂಗ್’ ಎಂದಿದ್ದದ್ದು ಮುಂದೆ ‘ಸಿ ಪ್ರೋಗ್ರಾಮಿಂಗ್ ಫಾರ್ ಪ್ರಾಬ್ಲಂ ಸಾಲ್ವಿಂಗ್’ ಆಯಿತು. ಸಿವಿಲ್ ಓದುವವನೂ ಮೆಕ್ಯಾನಿಕಲ್ ಓದುವವಳೂ ಒಂದು ಸೆಮಿಸ್ಟರ್ ಸಿ ಬರೆದರು. ಜಯನಗರ, ಬನಶಂಕರಿಯ ಜೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಹಾಕಿದ ಲ್ಯಾಬ್ ಮ್ಯಾನ್ಯುವಲ್‌ಗಳು ಬಿಸಿ ಬೋಂಡದಂತೆ ಖರ್ಚಾದವು. ಜಗತ್ತಿನ ಬೇರೆ ಕಡೆ ಮ್ಯೂಸಿಯಂ ಸೇರಿದ ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಸಿ ಇಲ್ಲಿನ ಲ್ಯಾಬ್‌ಗಳಲ್ಲಿ ತನ್ನ ನೀಲಿ ತೆರೆಯೊಂದಿಗೆ 2010ರ ನಂತರವೂ ಬಾಳಿತು.

ಸಂಶೋಧನೆಗೆಂದು ಗುಜರಿ ಅಂಗಡಿಗಳಲ್ಲಿ ಆ ಕಾಲದ ಲ್ಯಾಬ್ ರೆಕಾರ್ಡ್‌ಗಳನ್ನು ಕೊಂಡು ಓದುತ್ತಿದ್ದೇನೆ. ಅಕ್ಷರ ದುಂಡಗೆ, ಎಡಕ್ಕೆ ಕೆಂಪು ಗೆರೆ, ಕೆಳಗೆ ಸಹಿ. ಹೆಚ್ಚಿನವು ಶುರುವಾಗುವುದು ‘ವಾಯ್ಡ್ ಮೇನ್’ ಎಂಬ ಸಾಲಿನಿಂದ. ಪ್ರೋಗ್ರಾಂಗೆಲ್ಲ ಯಜಮಾನ ಮೇನ್ ಎಂಬ ಫಂಕ್ಷನ್; ಅದು ಕೆಲಸ ಮುಗಿಸಿ ಹೊರಗಿನ ಜಗತ್ತಿಗೆ ಒಂದು ಸಂಖ್ಯೆ ಒಪ್ಪಿಸಬೇಕು ಎಂಬುದು 1989ರ ಮಾನಕದಿಂದಲೂ ಇರುವ ನಿಯಮ. ವಾಯ್ಡ್ ಎಂದರೆ ನಾನೇನೂ ಒಪ್ಪಿಸುವುದಿಲ್ಲ ಎಂದರ್ಥ. ಟರ್ಬೊ ಸಿ ಅದನ್ನು ಸಹಿಸಿಕೊಂಡಿತು, ಪುಸ್ತಕಗಳು ಅಚ್ಚು ಹಾಕಿದವು. ಹೀಗೆ ಒಂದು ತಲೆಮಾರು ತನ್ನ ಮೊದಲ ಸಾಲಿನಲ್ಲೇ ‘ಏನಾಯ್ತು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ ಎಂದು ಕಲಿಯಿತು. ಪರದೆಯ ಮೇಲೆ ಉತ್ತರ ಮೂಡಿದರೆ ಮುಗಿಯಿತು. ಅದನ್ನು ನೋಡಲು ಪಕ್ಕದಲ್ಲಿ ಮೇಡಂ ನಿಂತಿರುತ್ತಾರೆ. ಸರ್ವರ್‌ನಲ್ಲಿ ನಡುರಾತ್ರಿ ಓಡುವ ಪ್ರೋಗ್ರಾಂನ ಪಕ್ಕದಲ್ಲಿ ಯಾರೂ ನಿಂತಿರುವುದಿಲ್ಲ. ಅದು ಹೇಳುವ ಸಂಖ್ಯೆಯೇ ಅದರ ಸುದ್ದಿ.

ಅವೇ ರೆಕಾರ್ಡ್‌ಗಳಲ್ಲಿ ಇನ್ನೊಂದು ಖಾಯಂ ಅತಿಥಿ ಫ್ಲ್ಯಾಗ್. ಕೊಟ್ಟ ಸಂಖ್ಯೆ ಅವಿಭಾಜ್ಯವೇ ಎಂದು ನೋಡುವ ಪ್ರೋಗ್ರಾಂನಲ್ಲಿ ಫ್ಲ್ಯಾಗ್ ಸೊನ್ನೆಯಿಂದ ಶುರುವಾಗುತ್ತದೆ. ಭಾಗಿಸುವ ಸಂಖ್ಯೆ ಸಿಕ್ಕರೆ ಒಂದಾಗುತ್ತದೆ. ಕೊನೆಗೆ ಫ್ಲ್ಯಾಗ್ ಸೊನ್ನೆಯಾಗಿಯೇ ಇದ್ದರೆ ‘ಅವಿಭಾಜ್ಯ’ ಎಂದು ಮುದ್ರಿಸಬೇಕು. ಮುಂದಿನ ಪುಟದಲ್ಲಿ ಪಟ್ಟಿಯೊಳಗೆ ಒಂದು ಸಂಖ್ಯೆ ಹುಡುಕುವ ಪ್ರೋಗ್ರಾಂ. ಅಲ್ಲಿಯೂ ಫ್ಲ್ಯಾಗ್, ಸೊನ್ನೆಯಾಗಿಯೇ ಉಳಿದರೆ ‘ಸಿಗಲಿಲ್ಲ’. ಮೊದಲ ಪುಟದಲ್ಲಿ ಸಂತೋಷದ ಸೊನ್ನೆ, ಎರಡನೆಯದರಲ್ಲಿ ನಿರಾಸೆಯ ಸೊನ್ನೆ, ಹೆಸರು ಒಂದೇ. ರೈಲಿನ ಗಾರ್ಡ್ ಬಾವುಟ ತೋರಿಸುತ್ತಿದ್ದಾನೆ, ಆದರೆ ಬಣ್ಣ ಕಾಣುತ್ತಿಲ್ಲ ಎಂಬಂಥ ಸ್ಥಿತಿ. ಮೊದಲನೆಯದನ್ನು ‘ಭಾಜಕ ಸಿಕ್ಕಿತೆ’ ಎಂದೂ ಎರಡನೆಯದನ್ನು ‘ಸಂಖ್ಯೆ ಸಿಕ್ಕಿತೆ’ ಎಂದೂ ಕರೆದಿದ್ದರೆ ಬಾಯಿಪಾಠ ಮಾಡುವ ಅಗತ್ಯವೇ ಇರುತ್ತಿರಲಿಲ್ಲ.

*

ಇದೆಲ್ಲ ಹತ್ತು ಸಾಲಿನ ಪ್ರೋಗ್ರಾಂಗಳ ಮಾತು, ದೊಡ್ಡವರು ಹೀಗೆ ಮಾಡುವುದಿಲ್ಲ ಎಂದುಕೊಳ್ಳಬಹುದು. ಕಳೆದ ಎರಡು ದಶಕದ ಮೂರು ಘಟನೆಗಳನ್ನು ನೋಡೋಣ. ಮೂರೂ ಒಂದೇ ಕೆಲಸದಲ್ಲಿ ಆದವು: ನಮ್ಮ ಬ್ಯಾಂಕಿನದೆಂದು ಹೇಳಿಕೊಳ್ಳುವ ಕಂಪ್ಯೂಟರ್ ನಿಜಕ್ಕೂ ಬ್ಯಾಂಕಿನದೇ ಎಂದು ಪರೀಕ್ಷಿಸುವ ಕೋಡ್‌ನಲ್ಲಿ.

2009ರ ಜನವರಿಯಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ, ಜಗತ್ತಿನ ಬಹುಪಾಲು ಸರ್ವರ್‌ಗಳು ನಂಬಿದ್ದ ಲೈಬ್ರರಿಯ ಒಂದು ದೋಷ ಪ್ರಕಟವಾಯಿತು. ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಅದರ ಫಂಕ್ಷನ್‌ಗೆ ಮೂರು ಉತ್ತರಗಳಿದ್ದವು. 1 ಎಂದರೆ ಸಹಿ ಸರಿ, 0 ಎಂದರೆ ಸರಿಯಲ್ಲ, -1 ಎಂದರೆ ಪರೀಕ್ಷೆಯನ್ನೇ ನಡೆಸಲಾಗಲಿಲ್ಲ. ಕರೆದವರು ಹಲವೆಡೆ ಕೇಳಿದ್ದು ‘ಸೊನ್ನೆಯೋ ಅಲ್ಲವೋ’ ಎಂದು ಮಾತ್ರ. -1 ಸೊನ್ನೆಯಲ್ಲ. ಹಾಗಾಗಿ ‘ನೋಡಲಿಕ್ಕೇ ಆಗಲಿಲ್ಲ’ ಎಂಬ ಉತ್ತರ ‘ಹೌದು’ ಎಂದು ಕೇಳಿಸಿತು.

2014ರ ಫೆಬ್ರವರಿಯಲ್ಲಿ ಆಪಲ್ ತನ್ನ ಐಫೋನ್‌ಗಳಿಗೆ ತುರ್ತು ತಿದ್ದುಪಡಿ ಕಳಿಸಿತು. ಅಲ್ಲಿ ಸಹಿ ಪರೀಕ್ಷೆಯ ಹಲವು ಹಂತಗಳಿದ್ದವು. ಪ್ರತಿ ಹಂತದ ಉತ್ತರ ಎರ್ ಎಂಬ ವೇರಿಯಬಲ್‌ಗೆ. ಅದು ಸೊನ್ನೆಯಾಗಿರದಿದ್ದರೆ ‘ಫೇಲ್’ ಎಂಬ ಹೆಸರಿನ ಜಾಗಕ್ಕೆ ಜಿಗಿತ. ಒಂದು ಕಡೆ ಜಿಗಿತದ ಸಾಲು ಎರಡು ಸಲ ಬಂದಿತ್ತು. ಎರಡನೆಯದಕ್ಕೆ ಷರತ್ತೇ ಇರಲಿಲ್ಲ. ಕೊನೆಯ, ಮುಖ್ಯವಾದ ಪರೀಕ್ಷೆ ನಡೆಯುವ ಮೊದಲೇ ಎಲ್ಲರೂ ಹೊರಗೆ. ಆ ಹೊತ್ತಿಗೆ ಎರ್‌ನಲ್ಲಿ ಇದ್ದದ್ದು ಸೊನ್ನೆ. ‘ಇದುವರೆಗೆ ತೊಂದರೆ ಆಯಿತೆ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬುದು ಪ್ರಾಮಾಣಿಕ ಉತ್ತರವೇ. ಕರೆದವರು ಅದನ್ನು ‘ಸಹಿ ಸರಿಯಿದೆ’ ಎಂದು ಓದಿಕೊಂಡರು. ಫೇಲ್ ಎಂಬ ಜಾಗಕ್ಕೆ ಸೋತವರಷ್ಟೇ ಅಲ್ಲ, ಗೆದ್ದವರೂ ಬಂದೇ ಹೋಗಬೇಕಿತ್ತು. ಹೆಸರು ಮಾತ್ರ ಸೋತವರದ್ದು. ‘ಫೇಲ್‌ಗೆ ಹೋಗು’ ಎಂದು ಎರಡು ಸಲ ಬರೆದಿದ್ದರೆ ಓದುವ ಕಣ್ಣಿಗೆ ಅತಿ ಎಚ್ಚರಿಕೆಯಂತೆ ಕಾಣುತ್ತದೆಯೇ ಹೊರತು ಬಾಗಿಲು ತೆರೆದುಬಿಟ್ಟಂತೆ ಕಾಣುವುದಿಲ್ಲ.

ಮುಂದಿನ ತಿಂಗಳೇ ಗ್ನೂಟಿಎಲ್‌ಎಸ್ ಎಂಬ ಇನ್ನೊಂದು ಲೈಬ್ರರಿಯ ಸರದಿ. ಪ್ರಮಾಣಪತ್ರ ಕೊಟ್ಟವರಿಗೆ ಕೊಡುವ ಅಧಿಕಾರ ಇದೆಯೇ ಎಂದು ನೋಡುವ ಫಂಕ್ಷನ್ ಅದು. ಹೌದು ಎಂದರೆ 1, ಅಲ್ಲ ಎಂದರೆ 0 ಕೊಡಬೇಕು. ಒಳಗೆ ರಿಸಲ್ಟ್ ಎಂಬ ಒಂದೇ ವೇರಿಯಬಲ್ ಎರಡು ಕೆಲಸ ಮಾಡುತ್ತಿತ್ತು: ಮೊದಲು ಬೇರೆ ಫಂಕ್ಷನ್‌ಗಳಿಂದ ಬಂದ ತಪ್ಪಿನ ಸಂಖ್ಯೆ ಹಿಡಿದುಕೊಳ್ಳುವುದು, ಕೊನೆಗೆ ಹೌದು-ಅಲ್ಲ ಒಪ್ಪಿಸುವುದು. ಪ್ರಮಾಣಪತ್ರ ಕೆಟ್ಟಿದ್ದರೆ ಬರುವುದು ಋಣ ಸಂಖ್ಯೆ. ಅದು ಹಾಗೆಯೇ ಹೊರಗೆ ಹೋಯಿತು. ಋಣ ಸಂಖ್ಯೆ ಸೊನ್ನೆಯಲ್ಲ, ಆದ್ದರಿಂದ ‘ಹೌದು’. ಬೇಕೆಂದೇ ಕೆಡಿಸಿದ ಪತ್ರ ತಂದವನಿಗೆ ಒಳಗೆ ದಾರಿ. ‘ಇಲ್ಲ’ದ ಪಾತ್ರೆಯಲ್ಲಿ ‘ಅಲ್ಲ’ವನ್ನು ಬಡಿಸಿದ್ದರ ಫಲ ಇದು. ವೇರಿಯಬಲ್ ಎರಡಾಗಿ, ಒಂದರ ಹೆಸರು ‘ತಪ್ಪು’ ಮತ್ತೊಂದರ ಹೆಸರು ‘ಅಧಿಕಾರವಿದೆ’ ಎಂದಿದ್ದರೆ, ‘ತಪ್ಪು’ ಎಂಬುದನ್ನೇ ಉತ್ತರವಾಗಿ ಒಪ್ಪಿಸುವ ಸಾಲು ಬರೆಯುವಾಗಲೇ ಕೈ ತಡೆಯುತ್ತಿತ್ತು.

ಒಳ್ಳೆಯ ಹೆಸರಿದ್ದರೆ ಮೂರೂ ತಪ್ಪುತ್ತಿದ್ದವು ಎಂದು ಹೇಳುವುದು ಉತ್ಪ್ರೇಕ್ಷೆ. ಪರೀಕ್ಷೆಗಳು ಬೇಕಿದ್ದವು, ಕಂಪೈಲರ್‌ನ ಎಚ್ಚರಿಕೆಗಳಿಗೆ ಕಿವಿ ಕೊಡಬೇಕಿತ್ತು. ಆದರೆ ಅಂಥ ಕೋಡ್ ಅನ್ನು ವರ್ಷಗಟ್ಟಲೆ ಹಲವರು ಓದಿರುತ್ತಾರೆ. ಓದುವವನಿಗೆ ಇರುವ ಆಸರೆ ಹೆಸರೊಂದೇ.

*

ಅನುಭವ ಇರುವವರು ಇದಕ್ಕೆ ಕಂಡುಕೊಂಡ ದಾರಿಗಳೂ ಇತಿಹಾಸದ ಭಾಗವೇ. ಲಿನಕ್ಸ್ ಕರ್ನಲ್‌ನ ಬರವಣಿಗೆಯ ನಿಯಮಾವಳಿ ಫಂಕ್ಷನ್‌ಗಳನ್ನು ಎರಡು ಜಾತಿ ಮಾಡುತ್ತದೆ. ಹೆಸರು ಆಜ್ಞೆಯಂತಿದ್ದರೆ, ‘ಕೆಲಸ ಸೇರಿಸು’ ಎಂಬಂತೆ, ಅದು ತಪ್ಪಿನ ಸಂಖ್ಯೆ ಕೊಡಬೇಕು. ಸೊನ್ನೆ ಎಂದರೆ ಗೆಲುವು. ಹೆಸರು ಪ್ರಶ್ನೆಯಂತಿದ್ದರೆ, ‘ಸಾಧನ ಇದೆಯೆ’ ಎಂಬಂತೆ, ಅದು ಹೌದು-ಅಲ್ಲ ಕೊಡಬೇಕು. ಸೊನ್ನೆ ಎಂದರೆ ಅಲ್ಲ. ಕಾರು ಬಸ್ಸುಗಳ ಒಳಗಿನ ಕೋಡ್‌ಗೆ 1998ರಿಂದ ಇರುವ ಮಿಸ್ರಾ ಎಂಬ ನಿಯಮಾವಳಿ, ಫಂಕ್ಷನ್ ತಪ್ಪಿನ ಸುದ್ದಿ ತಂದರೆ ಅದನ್ನು ಪರೀಕ್ಷಿಸಲೇಬೇಕು ಎಂದು ಕಟ್ಟುಮಾಡಿದೆ. ಥಾಂಪ್ಸನ್ ಕೂಡ ಸೇರಿ ರೂಪಿಸಿ 2009ರಲ್ಲಿ ಹೊರತಂದ ಗೋ ಭಾಷೆಯಲ್ಲಿ ಫಂಕ್ಷನ್ ಎರಡು ಉತ್ತರ ತರಬಹುದು: ಒಂದು ಫಲಿತಾಂಶ, ಇನ್ನೊಂದು ಎರ್. ಪಿಡಿಪಿ-11ರ ಆ ಎರಡು ಜಾಗಗಳು ನಲವತ್ತು ವರ್ಷ ಸುತ್ತಿ ಮತ್ತೆ ಬಂದಂತಾಯಿತು.

ಸಿ ಬರೆಯುವವರು ಇನ್ನೂ ಸಾವಿರಾರು ಮಂದಿ ಇದ್ದಾರೆ. ಬಿಟಿಎಂನ ಪಿಜಿಗಳಲ್ಲಿ ಇದ್ದು ಎಂಬೆಡೆಡ್ ಕೋರ್ಸ್ ಮಾಡುವವರು ಪ್ರತಿ ವರ್ಷ ಅವರನ್ನು ಸೇರಿಕೊಳ್ಳುತ್ತಾರೆ. ಅವರಿಗೆ ನನ್ನದೊಂದು ಸರಳ ಪರೀಕ್ಷೆ ಇದೆ. ಇಟ್ಟ ಹೆಸರನ್ನು ಕನ್ನಡದ ಪ್ರಶ್ನೆಯಾಗಿ ಗಟ್ಟಿಯಾಗಿ ಓದಿ. ಎರ್: ‘ತೊಂದರೆ ಆಯಿತೆ?’ ಸೊನ್ನೆ ಎಂದರೆ ಇಲ್ಲ, ಸಮಾಧಾನ. ಫೌಂಡ್: ‘ಸಿಕ್ಕಿತೆ?’ ಸೊನ್ನೆ ಎಂದರೆ ಇಲ್ಲ, ಮತ್ತೆ ಹುಡುಕು. ವೆರಿಫೈಡ್: ‘ಖಚಿತವಾಯಿತೆ?’ ಇದು ಸೊನ್ನೆಯಿಂದ ಶುರುವಾಗಿ ಕೊನೆಯ ಹಂತದಲ್ಲಿ ಮಾತ್ರ ಒಂದಾಗಬೇಕು. ಹಾಗಿದ್ದರೆ ನಡುವೆ ಯಾರು ಎಲ್ಲಿಂದ ಜಿಗಿದರೂ ಬಾಗಿಲು ಮುಚ್ಚಿಯೇ ಇರುತ್ತದೆ. ಸ್ಟೇಟಸ್: ‘ಸ್ಥಿತಿಯೆ?’ ಪ್ರಶ್ನೆಯಾಗುವುದಿಲ್ಲ. ಅದರೊಳಗಿನ ಸಂಖ್ಯೆಗಳಿಗೆ ‘ಮುಗಿದಿದೆ’, ‘ಕಾಯುತ್ತಿದೆ’, ‘ಕೆಟ್ಟಿದೆ’ ಎಂದು ಒಂದೊಂದು ಹೆಸರು ಕೊಟ್ಟಿದ್ದರೆ ಸ್ಟೇಟಸ್ ಸರಿಯಾದ ಹೆಸರೇ. ಬರೀ ಸೊನ್ನೆ ಒಂದಕ್ಕಾದರೆ ಅಲ್ಲ. ರೆಟ್ ನಾಲ್ಕು ಸಾಲಿನ ಫಂಕ್ಷನ್‌ನಲ್ಲಿ ನಡೆದೀತು, ನಾನೂರು ಸಾಲಿನದರಲ್ಲಿ ದಾರಿ ತಪ್ಪಿಸುತ್ತದೆ.

ಇದಕ್ಕೆ ಕನ್ನಡವನ್ನೇ ಬಳಸಲೂ ಅಡ್ಡಿಯಿಲ್ಲ. 1999ರ ಮಾನಕ ಹೆಸರುಗಳಲ್ಲಿ ಬಳಸಬಹುದಾದ ಅಕ್ಷರಗಳ ಪಟ್ಟಿಗೆ ಕನ್ನಡ ಲಿಪಿಯನ್ನೂ ಸೇರಿಸಿತ್ತು. ಜಿಸಿಸಿ ಕಂಪೈಲರ್‌ನಲ್ಲಿ 2020ರಿಂದ ಅವನ್ನು ನೇರವಾಗಿ ಟೈಪ್ ಮಾಡಬಹುದು. ಹತ್ತು ಭಾಷೆಯವರು ಕೂತು ಕೆಲಸ ಮಾಡುವ ಕಂಪನಿಯಲ್ಲಿ ಅದು ನಡೆಯಲಿಕ್ಕಿಲ್ಲ. ಆದರೆ ಮೊದಲ ಸೆಮಿಸ್ಟರಿನ ಲ್ಯಾಬ್‌ನಲ್ಲಿ, ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು ಕಡತ ತೆರೆದ ಮೇಲಿನ ಸಾಲಿನಲ್ಲಿ ‘ತೆರೆಯಿತೆ’ ಎಂದು ಬರೆಯಬಹುದು. ವೈವಾದಲ್ಲಿ ಅವಳಿಗೆ ಕೇಳಬೇಕಾದ ಪ್ರಶ್ನೆಯೂ ಒಂದೇ: ಈ ಸೊನ್ನೆ ‘ಇಲ್ಲ’ವೋ, ‘ಅಲ್ಲ’ವೋ?